ನೆಗೆಟಿವ್ ಎಲ್ಲಿ, ತೋರಿಸಿ

ನಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜ, ಅಜ್ಜಿ ಜೋಡಿಯಾಗಿ ಕೂತ ಫೋಟೊ ಇದೆ. ಅವರಿಬ್ಬರೂ ಒಟ್ಟಿಗೆ ಸ್ಟುಡಿಯೊ ಮೆಟ್ಟಿಲು ಹತ್ತಿದವರೇ ಅಲ್ಲ. ಅಜ್ಜ ಹೋದಮೇಲೆ ಯಾವುದೋ ಗ್ರೂಪ್ ಫೋಟೊದಿಂದ ಅವರನ್ನು ಎತ್ತಿ ಅಜ್ಜಿಯ ಪಕ್ಕ ಕೂರಿಸಿದ್ದು. ದಿಟ್ಟಿಸಿ ನೋಡಿದರೆ ಗೊತ್ತಾಗುತ್ತದೆ. ಅಜ್ಜನ ಮೂಗಿನ ನೆರಳು ಎಡಕ್ಕೆ ಬಿದ್ದಿದೆ, ಅಜ್ಜಿಯದು ಬಲಕ್ಕೆ. ಕಂಪ್ಯೂಟರ್ ಅಂದರೇನು ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲದ ಕಾಲದ ಕೆಲಸ ಇದು. "ಮೊದಲೆಲ್ಲ ಫೋಟೊ ಅಂದ್ರೆ ಕೈಚಳಕ, ಈಗ ಬರೀ ಎಡಿಟಿಂಗ್" ಎಂದು ಯಾರಾದರೂ ಶುರು ಮಾಡಿದಾಗ ನನಗೆ ಆ ಎರಡು ನೆರಳು ನೆನಪಾಗುತ್ತವೆ.

ಸ್ಟುಡಿಯೊಗಳಲ್ಲಿ ಮುಖ ತಿದ್ದುವ ಕೆಲಸಕ್ಕೆ 'ಟಚಿಂಗ್' ಅನ್ನುತ್ತಿದ್ದರು. ಇಳಿಜಾರು ಡೆಸ್ಕಿನ ಗಾಜಿನ ಮೇಲೆ ನೆಗೆಟಿವ್, ಅಂದರೆ ಕ್ಯಾಮೆರಾದಿಂದ ಬಂದ ಮೂಲ ಫಿಲ್ಮ್, ಇಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಸೂಜಿಯಂತೆ ಚೂಪಾದ ಪೆನ್ಸಿಲ್‌ನಿಂದ ಚುಕ್ಕೆ ಚುಕ್ಕೆ ಇಡುವುದು. ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ ಅಲ್ವಾ? ಕೆನ್ನೆಯ ಮೇಲಿನ ಕಪ್ಪು ಕಲೆ ಅಲ್ಲಿ ತೆಳ್ಳಗೆ, ಬೆಳಕು ಹಾಯುವಂತೆ ಇರುತ್ತದೆ. ಆ ಜಾಗದಲ್ಲಿ ಪೆನ್ಸಿಲ್ ಪುಡಿ ಕೂತರೆ ಪ್ರಿಂಟಿನಲ್ಲಿ ಕಲೆ ಮಾಯ. ಒತ್ತಿದ್ದು ಜಾಸ್ತಿಯಾದರೆ ಬಿಳಿ ಮಚ್ಚೆ. ಗಂಡಿನ ಕಡೆಗೆ ಕಳಿಸುವ ಹುಡುಗಿಯರ ಫೋಟೊಗಳಿಗೆ ಈ ಉಪಚಾರ ತಪ್ಪದೆ ಆಗುತ್ತಿತ್ತು. ಆದರೆ ಅದೇ ನೆಗೆಟಿವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ, ಪೆನ್ಸಿಲಿನ ಹೊಳಪು ಗುಟ್ಟು ಬಿಟ್ಟುಕೊಡುತ್ತದೆ. ಆಗಿನ ಕರಾಮತ್ತಿಗೂ ಈಗಿನದಕ್ಕೂ ನನಗೆ ಕಾಣುವ ವ್ಯತ್ಯಾಸ ಇದೇ. ಆಗ ಡಬ್ಬದೊಳಗೆ ಒಂದು ಸಾಕ್ಷಿ ಉಳಿಯುತ್ತಿತ್ತು.

ಕರಾಮತ್ತು ಎಷ್ಟು ಹಳೆಯದು? ಹೆಚ್ಚುಕಡಿಮೆ ಫೋಟೊಗ್ರಫಿಯಷ್ಟೇ. 1850ರ ದಶಕದಲ್ಲಿ ಫಿಲ್ಮಿನ ಜಾಗದಲ್ಲಿದ್ದ ಗಾಜಿನ ಪ್ಲೇಟುಗಳಿಗೆ ನೀಲಿ ಬಣ್ಣವೆಂದರೆ ಅತಿ ಸೂಕ್ಷ್ಮ. ಸಮುದ್ರ ಸರಿಯಾಗಿ ಬಂದರೆ ಆಕಾಶ ಬಿಳುಚಿ ಹೋಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೆ ಆಕಾಶಕ್ಕೊಂದು, ನೀರಿಗೊಂದು ನೆಗೆಟಿವ್ ತೆಗೆದು ದಿಗಂತದ ಗೆರೆಯಲ್ಲಿ ಬೆಸೆದರು. 1857ರಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಆಸ್ಕರ್ ರೈಲ್ಯಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್ ಸೇರಿಸಿ ಒಂದೇ ಚಿತ್ರ ಮಾಡಿದರು. ಕೆಲವರು ಬೈದರು. ವಿಕ್ಟೋರಿಯಾ ರಾಣಿ ಒಂದು ಪ್ರತಿ ಕೊಂಡರು.

ಇನ್ನು ಫಿಲ್ಮ್ ತೊಳೆದು ಪ್ರಿಂಟ್ ಹಾಕುವ ಕತ್ತಲೆ ಕೋಣೆ, ಡಾರ್ಕ್‌ರೂಮಿನ ಮಾತು ಬಂದರೆ ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ ಬರಲೇಬೇಕು. 1941ರ ನವೆಂಬರ್ 1ರ ಸಂಜೆ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಕಾರಿನಲ್ಲಿ ಹೋಗುತ್ತಿದ್ದರು. ಹೆರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಎದ್ದಿದ್ದ. ಕೆಳಗೆ ಸಮಾಧಿಗಳ ಬಿಳಿ ಶಿಲುಬೆಗಳ ಮೇಲೆ ಕೊನೆಯ ಬಿಸಿಲು. ಗಡಿಬಿಡಿಯಲ್ಲಿ 8×10 ಇಂಚಿನ ದೊಡ್ಡ ಕ್ಯಾಮೆರಾ ಹೂಡಿದರು, ಬೆಳಕು ಅಳೆಯುವ ಲೈಟ್ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪು ಎಷ್ಟು ಅನ್ನೋದು ಅವರಿಗೆ ಬಾಯಿಪಾಠ. ಆ ಲೆಕ್ಕದ ಮೇಲೆ ಒಂದು ಸೆಕೆಂಡು ಎಕ್ಸ್‌ಪೋಷರ್ ಕೊಟ್ಟರು. ಇನ್ನೊಂದು ತೆಗೆಯೋಣ ಅನ್ನುವಷ್ಟರಲ್ಲಿ ಬಿಸಿಲು ಹೋಗಿತ್ತು.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಮುಂದಿನದನ್ನು ಹೇಳುವವರು ಕಮ್ಮಿ. 1948ರಲ್ಲಿ ಆಡಮ್ಸ್ ಆ ನೆಗೆಟಿವಿನ ಕೆಳಭಾಗವನ್ನು ರಾಸಾಯನಿಕದಿಂದ ಗಾಢ ಮಾಡಿದರು. ಮೊದಲ ಪ್ರಿಂಟುಗಳ ಆಕಾಶದಲ್ಲಿ ಮೋಡದ ಎಳೆಗಳಿದ್ದವು. ವರ್ಷ ಕಳೆದಂತೆ ಅವರ ಕೈಯಲ್ಲಿ ಆಕಾಶ ಕಪ್ಪಾಗುತ್ತಾ ಹೋಯಿತು. ಅವರ ಪ್ರಕಾರ ನೆಗೆಟಿವ್ ಅಂದರೆ ಸ್ವರಲಿಪಿ, ಪ್ರಿಂಟ್ ಅಂದರೆ ಸಂಗೀತ ಕಚೇರಿ.

ಡಾರ್ಕ್‌ರೂಮಿನ ಆ ಕೈಗಳು ಇವತ್ತಿಗೂ ಕಂಪ್ಯೂಟರಿನಲ್ಲಿವೆ, ನಿಜವಾಗಿಯೂ. ಫೋಟೊಶಾಪಿನ 'ಬರ್ನ್' ಟೂಲಿನ ಚಿತ್ರ ನೋಡಿ, ಬೆರಳು ಮಡಚಿದ ಒಂದು ಕೈ. ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರ್ ಕೆಳಗೆ ಕೈಯಿಂದ ಬೆಳಕು ತಡೆದು, ಬೆರಳ ಸಂದಿಯಿಂದ ಬೇಕಾದ ಜಾಗಕ್ಕಷ್ಟೇ ಜಾಸ್ತಿ ಬೆಳಕು ಬಿಟ್ಟು ಕಪ್ಪು ಮಾಡುತ್ತಿದ್ದ ಕೈ ಅದು. 'ಡಾಡ್ಜ್' ಟೂಲಿನದು ಲಾಲಿಪಾಪ್ ಅಲ್ಲ, ಕಡ್ಡಿಗೆ ಅಂಟಿಸಿದ ರಟ್ಟಿನ ಬಿಲ್ಲೆ. ಅದರ ನೆರಳು ಬಿದ್ದ ಜಾಗ ಪ್ರಿಂಟಿನಲ್ಲಿ ತಿಳಿಯಾಗುತ್ತಿತ್ತು. 1990ರ ಫೆಬ್ರುವರಿಯಲ್ಲಿ ಬಂದ ಈ ಸಾಫ್ಟ್‌ವೇರ್ ಮಾಡಿದ ಥಾಮಸ್ ಮತ್ತು ಜಾನ್ ನೋಲ್ ಅಣ್ಣತಮ್ಮಂದಿರ ಅಪ್ಪ ಮನೆಯಲ್ಲೇ ಡಾರ್ಕ್‌ರೂಮ್ ಇಟ್ಟುಕೊಂಡಿದ್ದವರು.

ಜಗಳ ಮಾತ್ರ ಫೋಟೊಶಾಪಿಗಿಂತ ಮೊದಲೇ ಶುರುವಾಗಿತ್ತು. 1982ರ ಫೆಬ್ರುವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ತನ್ನ ಉದ್ದನೆಯ ಮುಖಪುಟಕ್ಕೆ ಹೊಂದಲಿ ಅಂತ ಗೀಜಾದ ಪಿರಮಿಡ್‌ಗಳನ್ನು ಹತ್ತಿರ ಸರಿಸಿತು. ಕಂಪ್ಯೂಟರಿನಲ್ಲೇ. ದೊಡ್ಡ ಗದ್ದಲವಾಯಿತು. ಲ ಗ್ರೆ ಅವರ ಆಕಾಶಕ್ಕೆ ಇಲ್ಲದ ಕೋಪ ಪಿರಮಿಡ್‌ಗೆ ಯಾಕೆ? ಪತ್ರಿಕೆಯ ಫೋಟೊವನ್ನು ಜನ ಸುದ್ದಿ ಅಂತ ನಂಬಿ ನೋಡುತ್ತಾರೆ, ಅದಕ್ಕೆ.

ಗೆರೆ ಎಲ್ಲಿದೆ ಅನ್ನೋದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ 2010ರ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯದು. ಸ್ಟೆಪಾನ್ ರುದಿಕ್ ಎಂಬುವರು ಕೀವ್‌ನ ಬೀದಿ ಕಾಳಗದ ಚಿತ್ರಸರಣಿಗೆ ಬಹುಮಾನ ಗೆದ್ದಿದ್ದರು. ತೀರ್ಪುಗಾರರು ರಾ ಫೈಲ್, ಅಂದರೆ ಕ್ಯಾಮೆರಾ ಉಳಿಸಿಟ್ಟ, ತಿದ್ದದ ಮೂಲ ಫೈಲ್, ಕೇಳಿದರು. ಮೂಲ ನೋಡಿದರೆ ಬಣ್ಣದ, ಸಪ್ಪೆ ಫೋಟೊ. ಅದರ ಬಹುಪಾಲು ಕತ್ತರಿಸಿ, ಕಪ್ಪು ಬಿಳುಪು ಮಾಡಿ, ಕಾಳು ಕಾಳಾಗಿ ಕಾಣುವಂತೆ ಮಾಡಿದ್ದರು. ಅದಕ್ಕೆಲ್ಲ ತಕರಾರಿಲ್ಲ. ಆದರೆ ಹಿಂದೆ ಇಣುಕುತ್ತಿದ್ದ ಯಾರದೋ ಪಾದದ ತುದಿಯನ್ನು ಅಳಿಸಿದ್ದರು. ಬಹುಮಾನ ಹೋಯಿತು.

ನಮ್ಮಲ್ಲೂ ಇದೇ ನಿಯಮ. 1971ರಲ್ಲಿ ಹುಟ್ಟಿದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಬೆಂಗಳೂರಿನ ಕ್ಲಬ್ಬುಗಳಲ್ಲಿ ಪಳಗಿದವರಿಗೆ ಸಲಾನ್‌ಗಳ, ಅಂದರೆ ಫೋಟೊ ಸ್ಪರ್ಧೆಗಳ, ಶರತ್ತು ಗೊತ್ತು. ನೇಚರ್ ವಿಭಾಗವಾದರೆ ಹಕ್ಕಿಯ ಮುಂದೆ ಅಡ್ಡ ಬಂದ ಕಡ್ಡಿಯನ್ನೂ ಅಳಿಸುವಂತಿಲ್ಲ. ಅನುಮಾನ ಬಂದರೆ ರಾ ಫೈಲ್ ಕೊಡಿ ಅನ್ನುತ್ತಾರೆ. ಹಳೇ ನೆಗೆಟಿವಿನ ಮೊಮ್ಮಗ ಅದು. 2023ರಲ್ಲಿ ಬೋರಿಸ್ ಎಲ್ಡಾಗ್ಸೆನ್ ಎಐನಿಂದ ಮಾಡಿದ ಚಿತ್ರಕ್ಕೆ ಸೋನಿ ವರ್ಲ್ಡ್ ಫೋಟೊಗ್ರಫಿ ಅವಾರ್ಡ್ಸ್‌ನಲ್ಲಿ ಬಹುಮಾನ ಬಂತು. ಅವರು ಅದನ್ನು ಬೇಡ ಅಂದರು. ಆ ಚಿತ್ರಕ್ಕೆ ನೆಗೆಟಿವ್ ಕೇಳಿದರೆ ಕೊಡಲು ಏನೂ ಇರಲಿಲ್ಲ.

ಹಾಗಂತ ನೆಗೆಟಿವ್ ಇದ್ದುಬಿಟ್ಟರೆ ಸಾಕು ಅನ್ನುವಂತೆಯೂ ಇಲ್ಲ. 2009ರ ವೈಲ್ಡ್‌ಲೈಫ್ ಫೋಟೊಗ್ರಾಫರ್ ಆಫ್ ದಿ ಇಯರ್ ಪ್ರಶಸ್ತಿ ಬೇಲಿ ಹಾರುವ ತೋಳವೊಂದರ ಫೋಟೊಗೆ ಸಿಕ್ಕಿತು. ಕೆಲವೇ ತಿಂಗಳಲ್ಲಿ ಹಿಂದಕ್ಕೂ ಹೋಯಿತು. ಎಡಿಟಿಂಗ್ ಮಾಡಿದ್ದಾರೆ ಅಂತಲ್ಲ. ತೋಳ ಸಾಕಿದ್ದಿರಬೇಕು ಎಂದು ತೀರ್ಪುಗಾರರು ತೀರ್ಮಾನಿಸಿದರು, ತೆಗೆದವರು ಒಪ್ಪಲಿಲ್ಲ. ತಜ್ಞರು ಪರೀಕ್ಷೆಗೆ ನೋಡಿದ್ದು ತೋಳದ ಮೈಮೇಲಿನ ಗುರುತುಗಳನ್ನು.