ಸತುವಿನ ಮಾತ್ರೆ, ಸಂಜೆಯ ಜಿಮ್: ಸೀಸದಿಂದ ಲಿವರ್ ಉಳಿದೀತೆ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಬ್ಯಾಟರಿ ರಿಪೇರಿ ಅಂಗಡಿ ನಡೆಸುತ್ತೇನೆ. ದಿನವಿಡೀ ಸೀಸದ ಪ್ಲೇಟುಗಳ ನಡುವೆ ಕೆಲಸ. ವ್ಯಾಯಾಮ ಮಾಡಿ, ಸತು ಮತ್ತು ಸೆಲೆನಿಯಂ ಮಾತ್ರೆ ತೆಗೆದುಕೊಂಡರೆ ಲಿವರ್‌ಗೆ ಅಪಾಯವಿಲ್ಲ ಎಂದು ಗೆಳೆಯರು ಹೇಳುತ್ತಾರೆ. ನಿಜವೇ?

ಉತ್ತರ: ಗೆಳೆಯರ ಮಾತು ಬುಡವಿಲ್ಲದ್ದಲ್ಲ. ಆದರೆ ಅದರ ಬುಡ ಇರುವುದು ಹೆಚ್ಚಾಗಿ ಇಲಿಗಳ ಮೇಲಿನ ಪ್ರಯೋಗಗಳಲ್ಲಿ. ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಯಕೃತ್ತಿನ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತುವನ್ನು ಕರಗಿಸುತ್ತವೆ. ನಿಯಮಿತ ವ್ಯಾಯಾಮ ಆ ರಕ್ಷಣೆಯನ್ನು ಬಲಪಡಿಸುತ್ತದೆ, ಯಕೃತ್ತಿನ ಕೊಬ್ಬನ್ನೂ ಇಳಿಸುತ್ತದೆ. ಸತು ಸಿಕ್ಕಾಗ ದೇಹ ಮೆಟಲೋಥಯೊನಿನ್ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ. ಅದು ಕ್ಯಾಡ್ಮಿಯಂ ಅನ್ನು ಹಿಡಿದಿಡುತ್ತದೆ. ಇವೆಲ್ಲ ಪೆಟ್ಟನ್ನು ತಗ್ಗಿಸುವ ಉಪಾಯಗಳೇ ಹೊರತು ಒಳಗೆ ಸೇರಿದ ಸೀಸವನ್ನು ಹೊರಹಾಕುವುದಿಲ್ಲ. ಬೆವರಿನಲ್ಲಿ ಹೋಗುವುದು ಅತ್ಯಲ್ಪ. ಸೀಸ ಮೂಳೆಯಲ್ಲಿ ದಶಕಗಳ ಕಾಲ ಕೂರುತ್ತದೆ. ಮೊದಲ ಪೆಟ್ಟು ಬೀಳುವುದೂ ಹೆಚ್ಚಾಗಿ ನರ, ರಕ್ತ ಮತ್ತು ಮೂತ್ರಪಿಂಡಕ್ಕೆ. ಹಾಗಾಗಿ ಲಿವರ್ ಪರೀಕ್ಷೆ ಸರಿಯಾಗಿ ಬಂತೆಂದು ನಿಶ್ಚಿಂತರಾಗಬೇಡಿ.

ನಿಮಗೆ ಹೆಚ್ಚು ಉಪಯೋಗಕ್ಕೆ ಬರುವ ಖನಿಜಗಳು ಬೇರೆ: ಕಬ್ಬಿಣ ಮತ್ತು ಕ್ಯಾಲ್ಸಿಯಂ. ಇವು ಕರುಳಿನಿಂದ ರಕ್ತಕ್ಕೆ ಹೋಗುವ ದಾರಿಯನ್ನೇ ಸೀಸವೂ ಬಳಸುತ್ತದೆ. ಇವುಗಳ ಕೊರತೆಯಿದ್ದರೆ ಸೀಸ ಹೆಚ್ಚು ನುಗ್ಗುತ್ತದೆ, ಹೊಟ್ಟೆ ಖಾಲಿಯಿದ್ದರೆ ಇನ್ನೂ ಹೆಚ್ಚು. ಬೆಳಗ್ಗೆ ಬರೀ ಚಹಾ ಕುಡಿದು ಅಂಗಡಿಯ ಷಟರ್ ಎತ್ತುವ ರೂಢಿಯಿದ್ದರೆ ಅದನ್ನು ಮೊದಲು ಬಿಡಿ. ಎರಡು ರೊಟ್ಟಿ, ಮಡಕೆ ಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು: ಇದು ಯಾವ ಮಾತ್ರೆಗೂ ಕಡಿಮೆಯಲ್ಲ. ಕಾಳನ್ನು ಮೊಳಕೆ ಬರಿಸಿ, ಮೇಲೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಚಹಾ ಊಟದ ಜೊತೆಗೆ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ.

ಮಾತ್ರೆಗಳ ವಿಷಯದಲ್ಲಿ ನಾನು ಸ್ವಲ್ಪ ಜಿಪುಣ. ಸತು ಅತಿಯಾದರೆ ದೇಹದಲ್ಲಿ ತಾಮ್ರದ ಕೊರತೆಯಾಗುತ್ತದೆ, ಸೆಲೆನಿಯಂ ಅತಿಯಾದರೆ ಕೂದಲು ಉದುರಿ ಉಗುರು ಒಡೆಯುತ್ತವೆ. ವೈದ್ಯರು ಕೊರತೆಯಿದೆ ಎಂದರೆ ಮಾತ್ರ ನುಂಗಿ. 'ಲಿವರ್ ಶುದ್ಧಿ' ಎಂದು ಮಾರುವ, ತಯಾರಕರ ಹೆಸರೂ ಇಲ್ಲದ ಭಸ್ಮಗಳ ಹತ್ತಿರ ಸುಳಿಯಬೇಡಿ. ಅಂಥವುಗಳಲ್ಲಿ ಸೀಸ, ಪಾದರಸವೇ ಸಿಕ್ಕ ಉದಾಹರಣೆಗಳಿವೆ.

ಇನ್ನು ನಾಲ್ಕು ಗಂಟೆಯ ಗಿರ್ಮಿಟ್. ಪ್ಲೇಟು ಕಳಚಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕಟ್ಟೆಯ ಮೇಲೇ ಪೊಟ್ಟಣ ಬಿಚ್ಚಿ, ಅದೇ ಬೆರಳಿನಿಂದ ಮೆಣಸಿನಕಾಯಿ ಮುರಿದು ತಿನ್ನುತ್ತೇವಲ್ಲ, ಉಗುರಿನ ಸಂದಿಯ ಬೂದು ಪುಡಿ ಆಗ ನೇರವಾಗಿ ಹೊಟ್ಟೆಗೇ. ಸಾಬೂನು ಹಚ್ಚಿ, ಉಗುರು ತಿಕ್ಕಿ ತೊಳೆದು, ಅಂಗಡಿಯಿಂದ ಹೊರಗೆ ಬಂದು ತಿನ್ನಿ. ಬೀಡಿ, ಸಿಗರೇಟು ಸೇದುವವರಾದರೆ ಕೈಯ ಸೀಸದ ಜೊತೆಗೆ ಕ್ಯಾಡ್ಮಿಯಂ ಕೂಡ ಒಳಗೆ ಹೋಗುತ್ತದೆ, ಏಕೆಂದರೆ ತಂಬಾಕಿನ ಎಲೆ ಅದನ್ನು ಮಣ್ಣಿನಿಂದ ಹೀರಿಕೊಳ್ಳುತ್ತದೆ.

ವ್ಯಾಯಾಮ ಬಿಡಬೇಡಿ; ವಾರಕ್ಕೆ 150 ನಿಮಿಷ ಬಿರುಸಾಗಿ ನಡೆದರೂ ಸಾಕು. ಅಂಗಡಿಯೊಳಗೆ ಡಂಬೆಲ್ ಎತ್ತುವುದು ಮಾತ್ರ ಬೇಡ, ಏದುಸಿರಿನಲ್ಲಿ ಧೂಳು ಇನ್ನಷ್ಟು ಒಳಗೆ ಹೋಗುತ್ತದೆ. ಉಣಕಲ್ ಕೆರೆಯ ದಂಡೆಗೆ ಹೋಗಿ.

ಮಾತ್ರೆಗೆ ಇಟ್ಟ ಹಣದಲ್ಲಿ ಮೊದಲು ರಕ್ತದ ಸೀಸದ ಪರೀಕ್ಷೆ ಮಾಡಿಸಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚಿದ್ದರೆ ಮೂಲವನ್ನು ಪತ್ತೆ ಮಾಡಿ ತಡೆಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಹಳ ಹೆಚ್ಚಿದ್ದರೆ ಸೀಸವನ್ನು ಹೊರತೆಗೆಯುವ ಔಷಧಗಳಿವೆ, ಅವು ಆಸ್ಪತ್ರೆಯಲ್ಲೇ ಆಗಬೇಕು. ಕೆಲಸದ ಬಟ್ಟೆಯಲ್ಲೇ ಮನೆಗೆ ಹೋಗುತ್ತೀರಾದರೆ ಮಕ್ಕಳ ರಕ್ತವನ್ನೂ ಪರೀಕ್ಷಿಸಿ.