‘ಖರಾಬು’ ಅಂದ್ರೆ ಖರಾಬಲ್ಲ

ಈ ತಿಂಗಳಲ್ಲಿ ಇದು ಮೂರನೇ ಸಲ. ವಾಟ್ಸಾಪ್‌ನಲ್ಲಿ ಒಂದು ಜಾಹೀರಾತು: ‘ಸಕಲೇಶಪುರದ ಹತ್ತಿರ 6 ಎಕರೆ ಕಾಫಿ ತೋಟ, ಜೊತೆಗೆ 2 ಎಕರೆ ಖರಾಬು ಫ್ರೀ!’ ಅದರ ಕೆಳಗೆ ಗ್ರೂಪಿನ ಒಬ್ಬರ ಉತ್ತರ: ‘ಖರಾಬು ಯಾರಿಗೆ ಬೇಕು ಸಾರ್, ಬಂಜರು ತಾನೆ?’ ಮಾರುವವರದೂ ತಪ್ಪು, ಬೇಡ ಅಂದವರದೂ ತಪ್ಪು. ಇಬ್ಬರೂ ಪಹಣಿ (ಜಮೀನಿನ ಒಡೆತನ, ವಿಸ್ತೀರ್ಣ, ಕಂದಾಯ ಬರೆದ ಸರ್ಕಾರಿ ದಾಖಲೆ) ನೋಡದವರೇನಲ್ಲ. ಸುಮ್ನಿರೋಣ ಅಂದುಕೊಂಡಿದ್ದೆ, ಆಗಲಿಲ್ಲ.

ಪಹಣಿಯಲ್ಲಿ ಖರಾಬನ್ನು ಬರೆಯುವುದು ‘ಫೂಟ್ ಖರಾಬು’ ಅಂತ. ಮೊದಲು ಈ ಜೋಡಿಪದದ ಮೊದಲ ತುಂಡು. ಇದರಷ್ಟು ತಪ್ಪು ಅರ್ಥ ಹೊತ್ತ ಎರಡಕ್ಷರ ಇಡೀ ಪಹಣಿಯಲ್ಲಿ ಬೇರೆ ಇಲ್ಲ. ಫೂಟ್ ಅಂದರೆ ಅಡಿ, ಆದ್ದರಿಂದ ಅಡಿ ಲೆಕ್ಕದಲ್ಲಿ ಅಳೆದ ಖರಾಬು ಅನ್ನುವವರು ಒಂದು ಕಡೆ. ಅಳತೆ ಬರೆದಿರುವುದು ಎಕರೆ, ಗುಂಟೆಯಲ್ಲಿ ಅಂತ ತೋರಿಸಿದರೂ ಒಪ್ಪುವುದಿಲ್ಲ. ಇನ್ನೊಂದು ಕಡೆ ಸ್ವಲ್ಪ ಜಾಣರು. ಅವರ ಪ್ರಕಾರ ಫೂಟ್ ಅಂದರೆ ಪಾದ, ಹಾಗಾಗಿ ಕಾಲುದಾರಿಗೆ ಬಿಟ್ಟ ಜಾಗ. ಈ ಎರಡನೆಯದು ಕೇಳಲು ಚೆನ್ನಾಗಿದೆ. ಯಾಕೆಂದರೆ ಖರಾಬಿನಲ್ಲಿ ಕಾಲುದಾರಿಯೂ ಬರುತ್ತದೆ. ಆದರೆ ಕಣದ ಜಾಗವೂ ಬರುತ್ತದೆ, ಸ್ಮಶಾನವೂ ಬರುತ್ತದೆ. ಅಲ್ಲಿ ಯಾವ ಪಾದ?

ಇದು ಇಂಗ್ಲಿಷೇ ಅಲ್ಲ, ಮರಾಠಿ. ಅಲ್ಲಿನ ಕಂದಾಯ ದಾಖಲೆಗಳಲ್ಲಿ ಇದು ‘ಪೋಟ್‌ಖರಾಬ್’. ಪೋಟ್ ಅಂದರೆ ಹೊಟ್ಟೆ. ಒಂದು ಸರ್ವೆ ನಂಬರಿನ ಹೊಟ್ಟೆಯೊಳಗೇ ಇರುವ, ಲೆಕ್ಕದಿಂದ ಕಳೆದ ಜಾಗ ಅದು. ನಮ್ಮ ಗುಮಾಸ್ತರ ಕೈಯಲ್ಲಿ ಅದು ಫೋಟ್, ಫುಟ್, ಫೂಟ್ ಆಗಿ, ಕೊನೆಗೆ ಅಚ್ಚಾದ ನಮೂನೆಯಲ್ಲಿ ಕೂತುಬಿಟ್ಟಿತು. ಮರಾಠಿ ಇಲ್ಲಿಗೆ ಹೇಗೆ ಬಂತು ಅಂದರೆ, 1860ರ ದಶಕದಲ್ಲಿ ಮೈಸೂರು ಸೀಮೆಯ ಕಂದಾಯ ಸರ್ವೆ ಶುರುವಾದಾಗ ತಂದದ್ದು ಬೊಂಬಾಯಿ ಪ್ರಾಂತ್ಯದ ಪದ್ಧತಿ. ಪದ್ಧತಿಯ ಜೊತೆಗೆ ಪದಗಳೂ ಬಂದವು. ಮೋಜಣಿ ಕೂಡ ಮರಾಠಿಯ ‘ಅಳತೆ’ಯೇ. ಜಮೀನು ಭಾಗ ಮಾಡುವ ಪೋಡಿ ಅವರ ‘ಫೋಡ್’, ಅಂದರೆ ಒಡೆಯುವುದು. ಅಣ್ಣತಮ್ಮಂದಿರ ಜಮೀನು ಪೋಡಿ ಆಗುವುದನ್ನು ನೋಡಿದವರಿಗೆ ಈ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಎರಡನೇ ತುಂಡು ‘ಖರಾಬು’. ಮೂಲ ಅರಬ್ಬಿ, ಬಂದದ್ದು ಫಾರಸಿ ದಾರಿಯಲ್ಲಿ. ಪಾಳು ಬಿದ್ದದ್ದು, ಹಾಳಾದದ್ದು ಅಂತ ಅರ್ಥ. ಫಾರಸಿಯಲ್ಲಿ ಇದರ ಎದುರು ಪದ ‘ಆಬಾದ್’, ಜನವಸತಿ ಇದ್ದು ಚೆನ್ನಾಗಿ ಬದುಕಿರುವ ಜಾಗ. ಹೈದರಾಬಾದಿನ ಬಾಲದಲ್ಲಿರುವುದು ಅದೇ. ಅಲ್ಲಿಗೆ ‘ಖರಾಬು ಅಂದರೆ ಕೆಟ್ಟದ್ದು’ ಅನ್ನುವವರು ನಿಘಂಟಿನ ಲೆಕ್ಕದಲ್ಲಿ ಸರಿ. ಪಹಣಿಯ ಲೆಕ್ಕದಲ್ಲಿ ಮಾತ್ರ ಸರಿಯಲ್ಲ. ಅಲ್ಲಿ ಈ ಪದ ಮಣ್ಣಿನ ಗುಣ ಹೇಳುವುದೇ ಇಲ್ಲ. ಇಷ್ಟು ಜಾಗಕ್ಕೆ ಕಂದಾಯ ನಿಗದಿ ಮಾಡಿಲ್ಲ ಅಂತ ಹೇಳುತ್ತದೆ, ಅಷ್ಟೇ. ಒಂದು ಉದಾಹರಣೆ ನೋಡಿ. ಒಟ್ಟು ವಿಸ್ತೀರ್ಣ 3 ಎಕರೆ 20 ಗುಂಟೆ. ಎ ಖರಾಬು 6 ಗುಂಟೆ, ಬಿ ಖರಾಬು 4 ಗುಂಟೆ. ಉಳಿದದ್ದು 3 ಎಕರೆ 10 ಗುಂಟೆ. ಕಂದಾಯ ಈ 3 ಎಕರೆ 10 ಗುಂಟೆಗೆ. ಮಣ್ಣು ಒಳ್ಳೆಯದೋ ಸಾಧಾರಣವೋ ಅನ್ನುವುದಕ್ಕೆ ಸರ್ವೆಯವರು ಬೇರೆಯೇ ಲೆಕ್ಕ ಇಟ್ಟಿದ್ದರು, ಹದಿನಾರಾಣೆ ಮಣ್ಣು, ಎಂಟಾಣೆ ಮಣ್ಣು ಅಂತ.

ಈಗ ಎ ಮತ್ತು ಬಿ. 1966ರ ಕರ್ನಾಟಕ ಭೂ ಕಂದಾಯ ನಿಯಮಗಳ 21ನೇ ನಿಯಮದಲ್ಲಿ ಎರಡನ್ನೂ ಬಿಡಿಸಿ ಬರೆದಿದ್ದಾರೆ. ಎ ಅಂದರೆ ಸರ್ವೆ ಸಮಯದಲ್ಲಿ ಸಾಗುವಳಿಗೆ ಬಾರದ್ದು ಅಂತ ಗುರುತಿಸಿದ ಜಾಗ. ಹಿಡುವಳಿದಾರನ ಬೇಸಾಯದ ಕಟ್ಟಡ, ಕಣ ಇದರಲ್ಲೇ ಸೇರುತ್ತವೆ.

ಹೌದು, ಕಣ. ಒಕ್ಕಣೆಯ ಕಾಲದಲ್ಲಿ ಚಪ್ಪಲಿ ಬಿಟ್ಟು ಕಾಲಿಡುವ, ರಾಶಿ ಮಾಡಿ ಪೂಜೆ ಮಾಡುವ, ಸಗಣಿ ಸಾರಿಸಿ ಹಬ್ಬದ ಮನೆಯಂತೆ ಇಟ್ಟುಕೊಳ್ಳುವ ಜಾಗ. ಕಾಗದದಲ್ಲಿ ಅದು ಖರಾಬು! ಬೆಳೆ ಬೆಳೆಯುವುದಿಲ್ಲ, ಆದ್ದರಿಂದ ಕಂದಾಯ ಇಲ್ಲ, ಆದ್ದರಿಂದ ಖರಾಬು. ಇಷ್ಟು ಸರಳ. ಕಣವನ್ನು ಕೆಟ್ಟ ಜಾಗ ಅಂತ ನಮ್ಮಜ್ಜಿಯ ಎದುರು ಯಾರಾದರೂ ಹೇಳಿದ್ದರೆ ಅವತ್ತು ಅವರಿಗೆ ಊಟ ಸಿಗುತ್ತಿರಲಿಲ್ಲ.

‘ಸರ್ವೆ ಸಮಯದಲ್ಲಿ’ ಅನ್ನುವ ಮಾತನ್ನೂ ಹಗುರವಾಗಿ ತಗೋಬೇಡಿ. ಅರಸೀಕೆರೆ ಕಡೆ ಖರಾಬು ಅಂತ ಬರೆದ ಕಡೆ ಹೋದರೆ ಅನೇಕ ಸಲ ಇವತ್ತಿಗೂ ಬಂಡೆಯೇ ಕಾಣುತ್ತದೆ. ಅಲ್ಲಿ ಪದಕ್ಕೂ ನೆಲಕ್ಕೂ ಜಗಳ ಇಲ್ಲ. ಸಕಲೇಶಪುರ, ಮೂಡಿಗೆರೆ ಕಡೆ ಹಾಗಲ್ಲ. ಅಂದು ಇಳಿಜಾರು, ಕುರುಚಲು ಅಂತ ಬಿಟ್ಟ ಜಾಗದಲ್ಲಿ ಇಂದು ರೊಬಸ್ಟಾ ಗೊಂಚಲು ಗೊಂಚಲಾಗಿ ಕೂತಿರುತ್ತದೆ, ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಗಿಡಕ್ಕೆ ಪಹಣಿ ಓದಲು ಬರುವುದಿಲ್ಲ, ಅಲ್ವಾ? ಇಂಥ ಎ ಖರಾಬು ಆ ನಂಬರಿನ ಜೊತೆಗೇ ಹೋಗುತ್ತದೆ. ‘ಬಂಜರು, ಬೇಡ’ ಅಂದವರು ಕಳೆದುಕೊಳ್ಳುವುದು ಇದನ್ನು.

ಬಿ ಖರಾಬಿನ ಕಥೆ ಬೇರೆ. ರಸ್ತೆ, ಕಾಲುದಾರಿ, ನಾಲ್ಕು ಜನ ನೀರಿಗೆ ಬಳಸುವ ಕೆರೆ ಅಥವಾ ಹಳ್ಳ, ಸ್ಮಶಾನ, ಕುಂಬಾರರ ಕೆಲಸಕ್ಕೆ ಬಿಟ್ಟ ಜಾಗ. ಊರಿನ ಬಳಕೆಗೆ ಅಂತಲೇ ಕಂದಾಯ ಬಿಟ್ಟಿದ್ದಾರೆ. ನಂಬರ್ ನಿಮ್ಮದಾದರೂ ಅದರ ಹೊಟ್ಟೆಯಲ್ಲಿರುವ ಈ ತುಂಡು ನಿಮ್ಮದಲ್ಲ. ಬೇಲಿ ಹಾಕುವ ಹಾಗಿಲ್ಲ, ಮಾರುವ ಹಾಗಿಲ್ಲ. ಹಾಗಾದರೆ ‘ಫ್ರೀ’ ಕೊಡುವುದು ಹೇಗೆ? ನಮ್ಮ ಕಡೆಯ ಒಬ್ಬರು ಹೀಗೇ ಒಟ್ಟು ವಿಸ್ತೀರ್ಣಕ್ಕೆ ದುಡ್ಡು ಎಣಿಸಿದರು. ಬೇಲಿ ಹಾಕಿದ ಮಾರನೇ ಬೆಳಿಗ್ಗೆ ಊರವರು ಬಂದು ಗಾಡಿದಾರಿ ಎಲ್ಲಿ ಅಂತ ಕೇಳಿದರು. ಆಕಾರಬಂದ್ (ಸರ್ವೆಯವರ ವಿಸ್ತೀರ್ಣ, ಕಂದಾಯದ ಪಟ್ಟಿ), ಟಿಪ್ಪಣಿ (ಆ ನಂಬರಿನ ಅಳತೆ ನಕ್ಷೆ) ಎರಡೂ ತೆಗೆಸಿ ನೋಡಿದ್ದರೆ ಹಣ ಎಣಿಸುವ ಮೊದಲೇ ಗೊತ್ತಾಗುತ್ತಿತ್ತು. ಖರಾಬು ಎಷ್ಟು ಅಂತ ಆಕಾರಬಂದ್ ಹೇಳುತ್ತದೆ. ದಾರಿ, ಹಳ್ಳ ಎಲ್ಲಿ ಹಾದಿವೆ ಅಂತ ನೋಡಲು ಟಿಪ್ಪಣಿಯೇ ಬೇಕು.

ಉಳಿದ ಗೊಂದಲಗಳು ಬೇಗ ಮುಗಿಯುತ್ತವೆ. ಬೀಳು ಅಂದರೆ ಸಾಗುವಳಿ ಮಾಡಬಹುದಾದರೂ ಸದ್ಯ ಬಿಟ್ಟ ಜಮೀನು. ಅದಕ್ಕೂ ಖರಾಬಿಗೂ ನೆಂಟಸ್ತಿಕೆ ಇಲ್ಲ. ಗೋಮಾಳ ದನ ಮೇಯಲು ಮೀಸಲಿಟ್ಟ ಸರ್ಕಾರಿ ಜಾಗ. 100 ದನಕ್ಕೆ 12 ಹೆಕ್ಟೇರ್ ಅಂತ ಅದಕ್ಕೆ ಬೇರೆ ನಿಯಮ ಇದೆ. ಭೂಗೋಳದ ಪಾಠದಲ್ಲಿ ಬರುವ ‘ಬಂಜರು ಮತ್ತು ಸಾಗುವಳಿಗೆ ಬಾರದ ಭೂಮಿ’ ಅನ್ನುವುದು ನೆಲದ ಬಳಕೆಯ ಅಂಕಿಅಂಶಕ್ಕೆ ಮಾಡಿಕೊಂಡ ಒಂಬತ್ತು ವರ್ಗಗಳಲ್ಲಿ ಒಂದು. ಅದನ್ನು ಖರಾಬು ಅಂತ ಅನುವಾದ ಮಾಡುವವರು ದಯವಿಟ್ಟು ನಿಲ್ಲಿಸಿ.

ಅಂದ ಹಾಗೆ, ಆ ಜಾಹೀರಾತಿನವರಿಗೆ ಪಹಣಿ ಕಳಿಸಿ ಅಂತ ಕೇಳಿದ್ದೆ. ಫೋಟೊ ಬಂತು. 2 ಎಕರೆ ಪೂರ್ತಿ ಬಿ ಕಾಲಂನಲ್ಲಿದೆ. ಏನಿದು ಅಂದೆ. ‘ಹಳ್ಳ ಸಾರ್, ವರ್ಷಪೂರ್ತಿ ನೀರಿರುತ್ತೆ, ವ್ಯೂ ಸೂಪರ್’ ಅಂದರು.