ಪರ್ಸೆಂಟ್ ಹಿಂದೆ ಎಷ್ಟು ಜನ?

1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಅಲ್ಲಿನ ವೈದ್ಯರಿಗೆ ಒಂದು ಎಚ್ಚರಿಕೆ ಕಳಿಸಿತು. ಆಗಿನ ಕೆಲವು ಹೊಸ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂದು. ಸುದ್ದಿ ಎಲ್ಲೆಡೆ ಹಬ್ಬಿತು. ಹೆದರಿದ ಎಷ್ಟೋ ಹೆಂಗಸರು ಮಾತ್ರೆ ತೆಗೆದುಕೊಳ್ಳುವುದನ್ನೇ ಬಿಟ್ಟರು.

ಸುದ್ದಿಯಲ್ಲಿ ಸುಳ್ಳೇನೂ ಇರಲಿಲ್ಲ. ಹಳೆಯ ಮಾತ್ರೆ ನುಂಗುವ ಸುಮಾರು 7,000 ಹೆಂಗಸರಲ್ಲಿ ಒಬ್ಬರಿಗೆ ಈ ತೊಂದರೆ ಬರುತ್ತಿತ್ತು. ಹೊಸದರಲ್ಲಿ ಇಬ್ಬರಿಗೆ. ಒಂದು ಹೋಗಿ ಎರಡಾದರೆ ಶೇ. 100ರಷ್ಟು ಏರಿಕೆ, ಲೆಕ್ಕ ಸರಿಯಾಗೇ ಇದೆ ಅಲ್ವಾ? ಅದನ್ನೇ ‘7,000 ಜನರಲ್ಲಿ ಒಬ್ಬರಿಗೆ ಜಾಸ್ತಿ’ ಎಂದಿದ್ದರೆ ಯಾರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತಗಳು ಅಂದಾಜು 13,000ದಷ್ಟು ಹೆಚ್ಚಿದವು. ಇನ್ನೊಂದು ವಿಪರ್ಯಾಸ ನೋಡಿ: ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತ ಬಸಿರಿನಲ್ಲೇ ಜಾಸ್ತಿ.

ಹಾಗಾಗಿ ‘ಇಷ್ಟು ಪರ್ಸೆಂಟ್ ಏರಿತು’ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಎಷ್ಟಿದ್ದದ್ದು ಎಷ್ಟಾಯಿತು ಅಂತ. ಇದನ್ನೇ ಬೇಕೆಂದೇ ಮುಚ್ಚಿಡುವವರೂ ಇದ್ದಾರೆ. ಒಂದು ಔಷಧಿ ಕೊಟ್ಟ ಮೇಲೆ ಸಾಯುವವರ ಸಂಖ್ಯೆ 1,000ಕ್ಕೆ ಇಬ್ಬರಿಂದ ಒಬ್ಬರಿಗೆ ಇಳಿಯಿತು ಅಂದುಕೊಳ್ಳಿ. ಅದೇ ಔಷಧಿ 1,000ದಲ್ಲಿ ಒಬ್ಬರಿಗೆ ಹೊಸ ಕಾಯಿಲೆ ತರಿಸುತ್ತದೆ. ಜಾಹೀರಾತು ಬರೆಯುವವನು ಲಾಭವನ್ನು ‘ಸಾವು ಶೇ. 50 ಇಳಿಕೆ’ ಎಂದು ದಪ್ಪಕ್ಷರದಲ್ಲಿ ಹಾಕುತ್ತಾನೆ, ತೊಂದರೆಯನ್ನು ‘ಕೇವಲ ಶೇ. 0.1 ಜನರಿಗೆ’ ಎಂದು ಮೂಲೆಯಲ್ಲಿ ಬರೆಯುತ್ತಾನೆ. ಎರಡೂ ಕಡೆ ಲೆಕ್ಕ ಸಾವಿರಕ್ಕೆ ಒಬ್ಬರೇ! ಹಸಿ ಸುಳ್ಳಿಗಿಂತ ಇಂಥ ನಿಜವೇ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ.

ಕೆಲವೊಮ್ಮೆ ಯಾರೂ ಮೋಸ ಮಾಡದೆಯೂ ಅಂಕಿ ದಾರಿ ತಪ್ಪಿಸುತ್ತದೆ. ಕಿಡ್ನಿ ಕಲ್ಲು ತೆಗೆಯುವ ವಿಧಾನಗಳನ್ನು ಹೋಲಿಸಿದ ಒಂದು ಅಧ್ಯಯನ ಬ್ರಿಟನ್ನಿನಲ್ಲಿ 1986ರಲ್ಲಿ ಪ್ರಕಟವಾಯಿತು. ಹೊಟ್ಟೆ ಕೊಯ್ದು ಮಾಡುವ ಹಳೆಯ ಆಪರೇಷನ್ ಶೇ. 78 ಜನರಲ್ಲಿ ಫಲಿಸಿತ್ತು. ಸಣ್ಣ ತೂತು ಕೊರೆದು ಮಾಡುವ ಹೊಸ ವಿಧಾನ ಶೇ. 83 ಜನರಲ್ಲಿ. ಹೊಸದೇ ಮೇಲು ಅನಿಸುತ್ತದೆ. ಆದರೆ ಕಲ್ಲಿನ ಗಾತ್ರ ನೋಡಿ ರೋಗಿಗಳನ್ನು ಬೇರೆ ಮಾಡಿದರೆ, ಸಣ್ಣ ಕಲ್ಲಿಗೆ ಹಳೆಯದು ಶೇ. 93, ಹೊಸದು 87. ದೊಡ್ಡ ಕಲ್ಲಿಗೆ ಹಳೆಯದು 73, ಹೊಸದು 69. ಎರಡರಲ್ಲೂ ಹಳೆಯದೇ ಮುಂದು!

ಎರಡೂ ಗುಂಪಿನಲ್ಲಿ 350 ರೋಗಿಗಳೇ ಇದ್ದರು. ಆದರೆ ಹಳೆಯ ಆಪರೇಷನ್ ಆದವರಲ್ಲಿ 263 ಜನರಿಗೆ ದೊಡ್ಡ ಕಲ್ಲಿತ್ತು, ಹೊಸ ವಿಧಾನದವರಲ್ಲಿ ಬರೀ 80 ಜನರಿಗೆ. ದೊಡ್ಡ ಕಲ್ಲು ಯಾವ ವಿಧಾನಕ್ಕೂ ಸುಲಭಕ್ಕೆ ಬಗ್ಗುವುದಿಲ್ಲ. ಕಷ್ಟದ ಕೇಸುಗಳೆಲ್ಲ ಹಳೆಯ ಆಪರೇಷನ್ ಪಾಲಿಗೆ ಬಂದಿದ್ದವು, ಅದಕ್ಕೇ ಅದರ ಒಟ್ಟು ಸರಾಸರಿ ಕೆಳಗಿಳಿಯಿತು.